ಪಟ್ಟಿಯ ಇಪ್ಪತ್ಮೂರನೇ ಕಸ

ಶೀಳನೆರೆ ಜವರಯ್ಯನ ಮಗ ಶಿವಶಂಕರ ಮೈಸೂರಿನಲ್ಲಿ ಒಂದೂವರೆ ವರ್ಷ ಕಂಪ್ಯೂಟರ್ ಕಲಿತು ಊರಿಗೆ ಬಂದಾಗ ಅವನ ಒಂದು ಕೈಯಲ್ಲಿ ಸರ್ಟಿಫಿಕೇಟು, ಇನ್ನೊಂದು ಕೈಯಲ್ಲಿ ಆಸೆಪಟ್ಟು ಕೊಂಡ ಒಂದು ಮೌಸು ಇತ್ತು. ಸರ್ಟಿಫಿಕೇಟಿಗೆ ಅವನವ್ವ ಬೆಟ್ಟಮ್ಮ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದಳು. ಮೌಸನ್ನು ಎಲ್ಲಿ ತೂಗುಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಅದನ್ನು ಸಿಕ್ಕಿಸುವ ಯಂತ್ರ ಆ ಊರಲ್ಲಿ ಇರಲಿಲ್ಲವಲ್ಲ. ಜವರಯ್ಯ ಅದನ್ನು ಬಾಲ ಹಿಡಿದೆತ್ತಿ, ಹಿಂದೆ ಮುಂದೆ ನೋಡಿ, "ಇದ್ನ ಕಲಿಯಾಕೆ ಒಂದೂವರೆ ವರ್ಸ ಬೇಕಾಯ್ತೇನ್ಲಾ?" ಎಂದು ಕೇಳಿ ಕೆಳಗಿಟ್ಟ.

ಇದು ತೊಂಬತ್ತೇಳನೇ ಇಸವಿಯ ಮಾತು. ಹುಡುಗನಿಗೆ ಆಗ ಇಪ್ಪತ್ತನಾಲ್ಕು. ಸೋಮವಾರ ಹುಟ್ಟಿದವನೆಂದು ಶಿವಶಂಕರ ಅಂತ ಹೆಸರಿಟ್ಟಿದ್ದರು. ಊರಿನವರ ಬಾಯಲ್ಲಿ ಅದು ಸವೆದು ಸಂಕ್ರ ಆಗಿತ್ತು. ಸಂಕ್ರಾ ಎಂದು ಯಾರಾದರೂ ಕೂಗಿದರೆ ಅವನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅವನ ಲೆಕ್ಕದಲ್ಲಿ ಅವನು ಶಂಕರ್, ಪ್ರೋಗ್ರಾಮರ್. ಹುಟ್ಟಿದ್ದು ಕೊಟ್ಟಿಗೆ ಇರುವ ಮನೆಯಲ್ಲಿ ಎಂಬುದೊಂದು ಸಣ್ಣ ತಪ್ಪು ನಡೆದುಹೋಗಿತ್ತು, ಅಷ್ಟೆ.

ಅವನಿಗೆ ಕೆಲಸ ಸಿಕ್ಕಿದ್ದು ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಅದರ ಹೆಸರು ನಾನು ಹೇಳುವುದಿಲ್ಲ. ಪಾಂಡವಪುರಕ್ಕೂ ಕೆ.ಆರ್.ಪೇಟೆಗೂ ನಡುವೆ ಇದ್ದ ಬದ್ದ ಚಿಮಣಿಗಳನ್ನೆಲ್ಲ ಎಣಿಸಿದರೂ ನಿಮಗದು ಸಿಗುವುದಿಲ್ಲ, ಸುಮ್ಮನೆ ಬಸ್ ಚಾರ್ಜು ದಂಡ. ಆರು ತಿಂಗಳು ಪರೀಕ್ಷೆಯ ಮೇಲೆ ಇರಬೇಕು, ಕೆಲಸ ಮೆಚ್ಚಿಗೆಯಾದರೆ ಕಾಯಂ ಮಾಡುತ್ತೇವೆ ಎಂದು ಕಬ್ಬು ವಿಭಾಗದ ಮ್ಯಾನೇಜರು ಹೇಳಿದ್ದರು. ಅವರು ಬೆಂಗಳೂರಿನವರು. ಕಬ್ಬನ್ನು ಅವರು ಹಾಲಿನ ಅಂಗಡಿ ಪಕ್ಕದ ಜ್ಯೂಸಿನ ಗಾಡಿಯಲ್ಲಿ ಮೊದಲ ಬಾರಿ ಕಂಡಿದ್ದರಂತೆ. ಆದರೂ ಪಾಪ, ಆರು ಸಾವಿರ ರೈತರ ಕಬ್ಬು ಯಾವತ್ತು ಕಡಿಯಬೇಕೆಂದು ನಿರ್ಧರಿಸುವ ಕುರ್ಚಿಯಲ್ಲಿ ಕೂತಿದ್ದರು.

ಆ ನಿರ್ಧಾರವನ್ನು ನಿಜವಾಗಿ ಮಾಡುತ್ತಿದ್ದದ್ದು ಬೇರೆ. ಕಬ್ಬು ನೆಟ್ಟ ತಾರೀಖಿನ ಪ್ರಕಾರ ಪ್ರತಿ ರೈತನಿಗೂ ಒಂದು ಸರದಿ ನಂಬರು. ನಂಬರು ಬಂದಾಗ ಒಂದು ಚೀಟಿ: ಇಂಥ ದಿನ, ಇಂಥ ವಾಹನದಲ್ಲಿ, ಇಷ್ಟು ಕಬ್ಬು ತರತಕ್ಕದ್ದು. ಚೀಟಿ ಬಂದ ಮೇಲೆಯೇ ಕತ್ತಿ ಹಚ್ಚಬೇಕು. ಕಡಿದ ಕಬ್ಬು ಕಾಯುವುದಿಲ್ಲ, ಬಿಸಿಲಿಗೆ ಗಂಟೆಗಂಟೆಗೂ ಹಗುರಾಗುತ್ತದೆ. ಈ ಚೀಟಿಗಳನ್ನು ಹೊಡೆಯುತ್ತಿದ್ದದ್ದು ಎಂಬತ್ತಾರರಲ್ಲಿ ತಂದ ಒಂದು ಕಂಪ್ಯೂಟರು. ಬೀರುವಿನಷ್ಟು ಎತ್ತರ, ಹಸಿರು ಅಕ್ಷರದ ಪರದೆ, ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯಂಥ ಸದ್ದು. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ದೊಡ್ಡ ಸಾಹೇಬರಿಗೆ ಮತ್ತು ಅದಕ್ಕೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಮುಡಿದ ಹೂವು ಬಾಡಿದರೂ ಆ ಬೀರುವಿನ ನೆತ್ತಿಯ ಮೇಲಿನ ಹೂವು ಬಾಡದ ಹಾಗೆ ಟೈಪು ಮಾಡುವ ಪ್ರಮೀಳಾ ನೋಡಿಕೊಳ್ಳುತ್ತಿದ್ದಳು. ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವಾಗ ಮೊಳ ಹೂವು ತಂದು ಅರ್ಧ ತನಗೆ, ಅರ್ಧ ಅದಕ್ಕೆ.

ಆ ಯಂತ್ರದ ಪೂಜಾರಿ ಚಲುವಯ್ಯ. ಹೊಣಕೆರೆಯವರು, ಎಸ್ಸೆಸ್ಸೆಲ್ಸಿ, ಕಬ್ಬು ವಿಭಾಗದ ಹಳೇ ಗುಮಾಸ್ತೆ. ಯಂತ್ರ ಮಾರಿದ ಕಂಪನಿಯವನು ಮೂರು ತಿಂಗಳು ಇದ್ದು ಅರ್ಧ ಪ್ರೋಗ್ರಾಮು ಬರೆದು ಬೆಂಗಳೂರಿಗೆ ಕಾಲ್ತೆಗೆದಾಗ, ಪಕ್ಕದಲ್ಲಿ ಕೂತು ನಶ್ಯ ಏರಿಸುತ್ತ ನೋಡುತ್ತಿದ್ದ ಚಲುವಯ್ಯ ಉಳಿದರ್ಧವನ್ನು ತಾವೇ ಬರೆದರು. ಕೋಬಾಲ್ ಎಂಬ ಆ ಭಾಷೆಯನ್ನು ಅವರು ಕಲಿತದ್ದು ನಾವು ಈಜು ಕಲಿಯುವ ಹಾಗೆ, ಮುಳುಗುವ ಹೆದರಿಕೆಯಿಂದ. ಹನ್ನೊಂದು ವರ್ಷದಿಂದ ಅದಕ್ಕೆ ಒಂದೊಂದೇ ಸಾಲು ಸೇರಿಸುತ್ತ ಬಂದಿದ್ದರು. ಯಾಕೆ ಸೇರಿಸಿದೆ ಎಂದು ಒಂದು ಕಡೆಯೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆದಿಡುವುದು ಯಾಕೆ ಎಂಬುದು ಅವರ ವಾದ.

ಶಿವಶಂಕರ ಮೊದಲ ದಿನ ಚಪ್ಪಲಿ ಬಿಡದೆ ಒಳಗೆ ಬಂದ. ಮೌಸನ್ನು ಎಲ್ಲಿ ಸಿಕ್ಕಿಸುವುದೆಂದು ಹುಡುಕಿ, ತೂತು ಸಿಗದೆ, ಜೇಬಿಗಿಟ್ಟುಕೊಂಡ. ಆಮೇಲೆ ಚಲುವಯ್ಯನ ಪ್ರೋಗ್ರಾಮನ್ನು ಅಗಲ ಕಾಗದದಲ್ಲಿ ಅಚ್ಚು ಹೊಡೆಸಿ, ಮಡಿಸಿದ ಪಂಚೆಗಳ ರಾಶಿಯ ಹಾಗಿದ್ದ ಅದನ್ನು ತನ್ನ ಬಾಡಿಗೆ ರೂಮಿಗೆ ಹೊತ್ತುಕೊಂಡು ಹೋಗಿ ಮೂರು ವಾರ ಓದಿದ. ಓದಿದಷ್ಟೂ ಅವನ ತಲೆ ಕೆಟ್ಟಿತು. ಇಲ್ಲಿಂದ ಅಲ್ಲಿಗೆ ಹೋಗು, ಅಲ್ಲಿಂದ ಇಲ್ಲಿಗೆ ಬಾ, ಅದು ಮೂರಾದರೆ ಏಳಕ್ಕೆ ನೆಗೆ. ಓದಿಕೊಂಡವರು ಬರೆಯುವ ಬರವಣಿಗೆಯೇ ಇದು? ಪುಸ್ತಕದಲ್ಲಿ ಹೀಗೆ ಬರೆಯಬೇಡಿರೆಂದು ಯಾವುದನ್ನು ಹೇಳಿದ್ದರೋ ಅದನ್ನೆಲ್ಲ ಹೊಣಕೆರೆಯ ಈ ಮುದುಕರು ತಾವಾಗಿಯೇ ಕಂಡುಹಿಡಿದಿದ್ದರು.

"ಏನ್ ಸಾರ್ ಇದು, ತಿಪ್ಪೆ ಇದ್ದಂಗದೆ," ಎಂದು ಅವನು ಪ್ರಮೀಳಾಳ ಎದುರಿಗೇ ಚಲುವಯ್ಯನಿಗೆ ಹೇಳಿದ.

"ತಿಪ್ಪೆ ಇದ್ರೇ ತಾನೇ ಬೆಳೆ ಬರಾದು, ಇಂಜಿನೇರ್ರೇ," ಎಂದು ಚಲುವಯ್ಯ ನಶ್ಯದ ಡಬ್ಬಿ ಮುಚ್ಚಿದರು. ಅವರಿಗೆ ನೋವಾಗಿತ್ತು. ತೋರಿಸಿಕೊಳ್ಳುವ ಜಾತಿಯಲ್ಲ ಅವರು.

ಶಿವಶಂಕರ ಮ್ಯಾನೇಜರಿಗೆ ಒಂದು ವರದಿ ಬರೆದ. ಹಳೆಯದನ್ನು ಕಿತ್ತುಹಾಕಿ, ಬಣ್ಣದ ಪರದೆಯ ಹೊಸ ಕಂಪ್ಯೂಟರಿನಲ್ಲಿ ಹೊಸ ಪ್ರೋಗ್ರಾಮು ತಾನು ಮಾಡಿಕೊಡುವೆನೆಂದ. ಹಳೇ ಪ್ರೋಗ್ರಾಮಿನಲ್ಲಿ ಅರ್ಥವಿಲ್ಲದ ಸಾಲುಗಳನ್ನೆಲ್ಲ ಹೆಕ್ಕಿ, ನಂಬರು ಹಾಕಿ, 'ಕಸ' ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿಯನ್ನೂ ಇಟ್ಟ. ಒಟ್ಟು ನಲವತ್ತೊಂದು ಕಸ. ಇಪ್ಪತ್ಮೂರನೆಯದು ಹೀಗಿತ್ತು: ವಿ ಎಂಬುದು ಒಂದಾಗಿ, ಡಿ ಎಂಬುದು ಎರಡಾಗಿದ್ದರೆ ಒಂಬೈನೂರಕ್ಕೆ ಹೋಗು. ಒಂಬೈನೂರಕ್ಕೆ ಹೋದರೆ ಅಲ್ಲಿ ಏನೂ ಇಲ್ಲ. ತಾರೀಖಿಗೆ ಒಂದು ಸೇರಿಸಿ ವಾಪಸು ಬರುವುದು. 'ಸುಮ್ಮನೆ ಒಂದು ಸುತ್ತು ಹೊಡೆದು ಬರುತ್ತದೆ, ದಂಡ' ಎಂದು ಅದರ ಮುಂದೆ ಶಿವಶಂಕರ ಕೆಂಪು ಶಾಯಿಯಲ್ಲಿ ಬರೆದ.

ಪಟ್ಟಿಗೆ ಚಲುವಯ್ಯನ ಸಹಿ ಬೇಕಿತ್ತು. ಅವರು ಕನ್ನಡಕ ಏರಿಸಿ ನಲವತ್ತೊಂದನ್ನೂ ಓದಿದರು, ಬೇರೆಯವರ ಕೈಯಲ್ಲಿ ತಮ್ಮ ಜಾತಕ ಸಿಕ್ಕಿದ ಹಾಗೆ.

"ಎಲ್ಲಾನೂ ತೆಗೀತೀರಾ?"

"ಎಲ್ಲಾನೂ."

"ಆ ಇಪ್ಪತ್ಮೂರ್ನೇದು ಒಂದ ಮಾತ್ರ ನಿಮ್ಮಪ್ಪಾರ್ನ ಒಂದ್ಸಲ ಕೇಳ್ ನೋಡಿ."

ಶಿವಶಂಕರನಿಗೆ ಕಿವಿ ಬಿಸಿಯಾಯಿತು. ನೀನು ಒಕ್ಕಲು ಮಗ ಕಣೋ ಎಂದು ಕುಟುಕುತ್ತಿದ್ದಾರೆ ಅಂದುಕೊಂಡ. "ನಮ್ಮಪ್ಪನಿಗೆ ಕಂಪ್ಯೂಟರ್ ಬರುತ್ತಾ ಸಾರ್?" ಎಂದು ನಕ್ಕ. ಚಲುವಯ್ಯ ಪೆನ್ನು ತೆಗೆದು ಸಹಿ ಹಾಕಿದರು. ಅಲ್ಲಿಯೇ ಬಿಡಿಸಿ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹನ್ನೊಂದು ವರ್ಷದ ದುಡಿಮೆಗೆ ತಿಪ್ಪೆ ಅನ್ನಿಸಿಕೊಂಡವರು ಅಷ್ಟಾದರೂ ಹೇಳಿದ್ದೇ ದೊಡ್ಡದು.

ಹೊಸ ಪ್ರೋಗ್ರಾಮು ಡಿಸೆಂಬರಿನಲ್ಲಿ ತಯಾರಾಯಿತು. ನೋಡಲು ಏನು ಚೆಂದ! ಪರದೆಯ ಮೂಲೆಯಲ್ಲಿ ಕಬ್ಬಿನ ಜಲ್ಲೆಯ ಚಿತ್ರ, ಒತ್ತಿದರೆ ಟಿಂಗ್ ಎನ್ನುವ ಗುಂಡಿಗಳು. ಮೌಸಿಗೂ ಕೊನೆಗೆ ಒಂದು ತೂತು ಸಿಕ್ಕಿತು. ಅದರಲ್ಲಿ ಶಿವಶಂಕರ ಹೆಮ್ಮೆಪಟ್ಟುಕೊಂಡ ಅಂಶಗಳು ಎರಡು. ಹಳೇ ಯಂತ್ರ ವಾರದಲ್ಲಿ ಒಂದು ದಿನ ಯಾಕೋ ಎತ್ತಿನಗಾಡಿಗಳಿಗೆ ಚೀಟಿಯನ್ನೇ ಕೊಡದೆ ಬರೀ ಲಾರಿ, ಟ್ರ್ಯಾಕ್ಟರುಗಳನ್ನು ಕರೆಯುತ್ತಿತ್ತು. ಅದು ಯಂತ್ರದ ಮುಪ್ಪು ಎಂದು ಅವನು ತೀರ್ಮಾನಿಸಿದ. ಹೊಸದು ಏಳು ದಿನಕ್ಕೂ ಎಲ್ಲರನ್ನೂ ಸಮನಾಗಿ ಹಂಚುತ್ತಿತ್ತು. ಎರಡನೆಯದು ಶಿಸ್ತು. ಚೀಟಿಯಲ್ಲಿದ್ದ ದಿನ ಬಾರದವನನ್ನು ಅದೇ ಸಂಜೆ ಆರು ಗಂಟೆಗೆ 'ಗೈರು' ಎಂದು ಗುರುತುಮಾಡಿ, ಹಳೇ ನಂಬರು ಅಳಿಸಿ, ಸರದಿಯ ಕಟ್ಟಕಡೆಗೆ ತಳ್ಳುತ್ತಿತ್ತು. ಕಟ್ಟಕಡೆ ಅಂದರೆ ಏಪ್ರಿಲ್ಲು. ಏಪ್ರಿಲ್ಲಿನ ಕಬ್ಬು ಒಲೆಗೆ ಆದೀತು.

"ವೆರಿ ಗುಡ್," ಅಂದರು ಮ್ಯಾನೇಜರು. ಒಳ್ಳೇ ದಿನ ನೋಡಿ ಬುಧವಾರ ಚಾಲೂ ಮಾಡಿಸಿದರು. ಮುಂದಿನ ವಾರ ಶುಕ್ರವಾರ ನಿನ್ನ ಕಾಯಂ ಆರ್ಡರಿಗೆ ಸಹಿ ಹಾಕುತ್ತೇನೆ ಎಂದರು. ಹಳೇ ಬೀರುವನ್ನು ಗೋಡೌನಿಗೆ ಸಾಗಿಸಲು ಹೇಳಿದರು. ಅದನ್ನು ಎತ್ತಲು ಎಂಟು ಜನ ಬೇಕು, ಎಂಟು ಜನ ಒಟ್ಟಿಗೆ ಸಿಗಲಿಲ್ಲವಾಗಿ ಅದು ಅಲ್ಲೇ ಮೂಲೆಯಲ್ಲಿ ಹೂವು ಮುಡಿದುಕೊಂಡು ನಿಂತಿತ್ತು. ಪ್ರಮೀಳಾ ಹಳೇ ಅಭ್ಯಾಸಕ್ಕೋ ಚಲುವಯ್ಯನ ಕಣ್ಸನ್ನೆಗೋ ದಿನದ ವಿವರವನ್ನು ಅದಕ್ಕೂ ಟೈಪು ಮಾಡುತ್ತಲೇ ಇದ್ದಳು.

ಬುಧವಾರ ಚೆನ್ನಾಗಿ ನಡೆಯಿತು. ಗುರುವಾರ, ಶುಕ್ರವಾರವೂ ಚೆನ್ನಾಗಿ ನಡೆಯಿತು. ಶನಿವಾರ ಸೋಮವಾರದ ಚೀಟಿಗಳು ಅಚ್ಚಾಗಿ ಬಂದಾಗ ಅವನ್ನು ಹರಿದು ಜೋಡಿಸುತ್ತಿದ್ದ ಪ್ರಮೀಳಾ, "ಸಾರ್, ಸೋಮವಾರ ಗಾಡಿ ಚೀಟಿ ಬರ್ತಿರ್ಲಿಲ್ಲ ಮುಂಚೆ," ಎಂದಳು. ಅವಳು ಪೇಟೆಯ ಮಗಳು, ಎತ್ತನ್ನು ಬಸ್ಸಿನ ಕಿಟಕಿಯಿಂದ ಬಲ್ಲವಳು. ಯಾಕೆ ಬರುತ್ತಿರಲಿಲ್ಲವೆಂದು ಅವಳಿಗೂ ತಿಳಿಯದು. ಚಲುವಯ್ಯ ಸೋಮವಾರದವರೆಗೆ ನಾಗಮಂಗಲದಲ್ಲಿ ಅಣ್ಣನ ಮಗಳ ಮದುವೆಗೆಂದು ರಜೆ ಹಾಕಿದ್ದರು.

"ಅದೇ ರೋಗ ಕಣ್ರೀ ನಾನು ವಾಸಿ ಮಾಡಿದ್ದು," ಎಂದ ಶಿವಶಂಕರ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಯಾರ್ಡಿನಲ್ಲಿ ಎತ್ತಿನಗಾಡಿ ನಿಲ್ಲುವ ಸಾಲು ಖಾಲಿ ಇತ್ತು. ಒಂದೆರಡಲ್ಲ, ಇನ್ನೂರ ಹದಿನಾಲ್ಕು ಗಾಡಿ ಬರಬೇಕಿದ್ದ ಜಾಗ. ಎರಡು ನಾಯಿ ಮಲಗಿದ್ದವು. ಅಂದು ಬಂದ ಲಾರಿ ಟ್ರ್ಯಾಕ್ಟರುಗಳನ್ನೆಲ್ಲ ಹನ್ನೊಂದರ ಹೊತ್ತಿಗೆ ಗಾಣ ಅರೆದು ನುಂಗಿ, ಇನ್ನಿಲ್ಲವೆಂದು ನಿಂತಿತು. ಕಬ್ಬು ಸಾಲದೆ ಗಾಣ ನಿಂತರೆ ಆ ಸದ್ದಿಲ್ಲದ್ದೇ ಒಂದು ಸದ್ದು. ಕ್ಯಾಂಟೀನಿನಲ್ಲಿ ಟೀ ಸೋಸುತ್ತಿದ್ದವನೂ ಹೊರಗೆ ಬಂದು ಚಿಮಣಿಯ ಕಡೆ ನೋಡಿದ.

ಶಿವಶಂಕರ ಗೇಟಿಗೆ ಓಡಿದ. ಅಲ್ಲಿ ಗಾಡಿಗಳಿಗೆ ಟೋಕನ್ ಕೊಡುವ ಚಿಕ್ಕಮಾದಯ್ಯ ಆರಾಮಾಗಿ ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಗಾಡಿಗಳೆಲ್ಲಿ?"

"ಇವತ್ತು ಸ್ವಾಮಾರ ಅಲ್ವೇ, ಸಾ?"

"ಸೋಮವಾರ ಆದ್ರೆ?"

ಚಿಕ್ಕಮಾದಯ್ಯ ಎಲೆಯನ್ನು ಅರ್ಧಕ್ಕೇ ಬಿಟ್ಟು ಅವನ ಮುಖ ನೋಡಿದ. ಹುಡುಗ ತಮಾಷೆ ಮಾಡುತ್ತಿಲ್ಲ ಎಂಬುದು ಅವನಿಗೆ ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸ್ವಾಮಾರ ಬಸವಣ್ಣನ ದಿಸ. ಯಾವಾನ್ ಸಾ ಎತ್ತಿನ ಕತ್ತಿನ ಮ್ಯಾಲೆ ನೊಗ ಮಡಗ್ತಾನೆ? ಊರಲ್ಲಿ ನೇಗ್ಲೂ ಕಟ್ಟಾಕಿಲ್ಲ, ಗಾಡೀನೂ ಕಟ್ಟಾಕಿಲ್ಲ. ಅಲ್ಲಾ, ನೀವು ಸೀಳ್ನೆರೆಯೋರೇ ಅಲ್ವ್ರಾ?"

ಹೌದು, ಶೀಳನೆರೆಯವನೇ. ಡಿ ಅಂದರೆ ದಿನ. ಭಾನುವಾರ ಒಂದು, ಸೋಮವಾರ ಎರಡು. ವಿ ಅಂದರೆ ವಾಹನ. ಒಂದು ಅಂದರೆ ಎತ್ತಿನಗಾಡಿ. ಎತ್ತಿನಗಾಡಿಯವನ ಸರದಿ ಸೋಮವಾರ ಬಿದ್ದರೆ ಅವನಿಗೆ ಮಂಗಳವಾರದ ಚೀಟಿ ಕೊಡು. ಇಷ್ಟೇ. ಇಪ್ಪತ್ನಾಲ್ಕು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಅವನಪ್ಪ ಎತ್ತುಗಳ ಮೈ ತೊಳೆದು, ಹಣೆಗೆ ಅರಿಶಿನ ಇಟ್ಟು, ಕಟ್ಟದೆ ಬಿಡುವುದನ್ನು ಅವನು ನೋಡಿದ್ದ. ಸ್ಕೂಲಿಗೆ ಹೋಗುವ ಮುಂಚೆ ಎಷ್ಟೋ ಸಲ ನೀರು ಸೇದಿಕೊಟ್ಟಿದ್ದ. ಕಂಪ್ಯೂಟರಿಗೂ ಅದಕ್ಕೂ ಸಂಬಂಧ ಉಂಟೆಂದು ಮೈಸೂರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ.

ಈಗ ಅವನು ಮಾಡಬೇಕಾದದ್ದು ಒಂದೇ ಒಂದು. ಮ್ಯಾನೇಜರ ಹತ್ತಿರ ಹೋಗಿ ತಪ್ಪು ನನ್ನದು ಎಂದು ಹೇಳಿ, ಸಂಜೆ ಆರರೊಳಗೆ ಆ ಗೈರು ಹಾಕುವುದನ್ನು ನಿಲ್ಲಿಸುವುದು. ಅವನು ಹೋಗಲೇನೋ ಹೋದ. ಮ್ಯಾನೇಜರು ಕೋಪದಲ್ಲಿ ಪೇಪರ್ ವೆಯ್ಟ್ ತಿರುಗಿಸುತ್ತಿದ್ದರು. ಮೇಜಿನ ಮೇಲೆ ಅವನ ಕಾಯಂ ಆರ್ಡರು ಟೈಪಾಗಿ ಸಹಿಗೆ ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಕಂಡದ್ದೇ ಅವನ ನಾಲಗೆ ಬೇರೆ ದಾರಿ ಹಿಡಿಯಿತು.

"ರೈತ್ರು ಬಂದಿಲ್ಲ ಸಾರ್. ಚೀಟಿ ಕೊಟ್ರೂ ಬಂದಿಲ್ಲ."

"ಶಿಸ್ತಿಲ್ಲ ಈ ಜನಕ್ಕೆ. ನಿನ್ನ ಗೈರು ಹಾಕು, ಬುದ್ಧಿ ಬರುತ್ತೆ."

"ಆಯ್ತು ಸಾರ್."

ಥೂ, ಎಂಥ ಮಗ ಅನ್ನಿ. ಬಾಯಿ ಬಿಟ್ಟರೆ ಆರ್ಡರು ಹೋಗುತ್ತದೆ, ಬಿಡದಿದ್ದರೆ ಇನ್ನೂರ ಹದಿನಾಲ್ಕು ಜನರ ಸರದಿ ಹೋಗುತ್ತದೆ. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿದರಾಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ. ಹಳೇ ನಂಬರು ಅಳಿಸುವುದನ್ನು ತಾನೇ ಬರೆದವನಿಗೆ ಅದು ಆಗದ ಮಾತೆಂದು ಗೊತ್ತಿತ್ತು. ಆರು ಗಂಟೆಗೆ ಸರಿಯಾಗಿ ಪರದೆ ಟಿಂಗ್ ಎಂದಿತು. ಗೈರಾದವರ ಪಟ್ಟಿಯನ್ನು ಅವನು ಓದಲಿಲ್ಲ. ಓದಿದ್ದರೆ ನೂರಾ ಆರನೆಯ ಹೆಸರು ಜವರಯ್ಯ ಬಿನ್ ಬೋರೇಗೌಡ, ಶೀಳನೆರೆ ಎಂದು ಅಲ್ಲೇ ಸಿಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಗಾಡಿಗಳು ಬಂದವು. ಒಟ್ಟಿಗೇ ಬಂದವು. ಸೋಮವಾರದ ಚೀಟಿ ಯಾವನೋ ಮರೆತು ಬರೆದದ್ದು, ಎಂದಿನ ಹಾಗೆ ಮಂಗಳವಾರ ಹೋದರಾಯಿತು ಎಂದುಕೊಂಡು ಇನ್ನೂರ ಹದಿನಾಲ್ಕು ಜನವೂ ಸೋಮವಾರ ಕಬ್ಬು ಕಡಿದು, ಮಂಗಳವಾರ ನಸುಕಿನಲ್ಲೇ ಗಾಡಿ ಕಟ್ಟಿದ್ದರು. ಕೈಯಲ್ಲಿ ಕಡಿಯುವುದಕ್ಕೆ ಬಸವಣ್ಣನ ಅಡ್ಡಿಯಿಲ್ಲವಲ್ಲ. ಮಂಗಳವಾರದ ಸರದಿಯವರೂ ಸೇರಿಕೊಂಡರು. ಗಾಡಿಯ ಸಾಲು ಗೇಟು ದಾಟಿ ಪಾಂಡವಪುರದ ರಸ್ತೆಯಲ್ಲಿ ಒಂದು ಮೈಲಿ ನಿಂತಿತು. ಗೇಟಿನಲ್ಲಿಟ್ಟಿದ್ದ ಹೊಸ ಪರದೆಯ ಮುಂದೆ ಚಿಕ್ಕಮಾದಯ್ಯ ಒಂದೊಂದೇ ನಂಬರು ಒತ್ತಿದ. ಸೋಮವಾರದ ಚೀಟಿಯವರ ನಂಬರು ಒತ್ತಿದಾಗಲೆಲ್ಲ ಅದು ಟಿಂಗ್ ಎಂದು ಕೆಂಪಕ್ಷರದಲ್ಲಿ 'ಗೈರು, ಸರದಿ ಇಲ್ಲ' ಎಂದಿತು.

"ಒಳಕ್ಕೆ ಬುಡಬ್ಯಾಡ ಅಂತದೆ ಕಣ್ರಪ್ಪ," ಎಂದು ಚಿಕ್ಕಮಾದಯ್ಯ ಅಂಗೈ ತೋರಿಸಿದ. "ನಾನೇನ್ ಮಾಡ್ಲಿ, ನಂಗೂ ಬಯ್ತದೆ."

ಬಿಸಿಲು ಏರುತ್ತಿತ್ತು. ಗಾಡಿಯ ಮೇಲಿನ ಕಬ್ಬು ಬಾಡುತ್ತಿತ್ತು. ವಾಪಸು ಹೊತ್ತುಕೊಂಡು ಹೋಗಿ ಮತ್ತೆ ನೆಡಲು ಬರುವುದಿಲ್ಲವಲ್ಲ ಅದನ್ನು! ಮೂವತ್ತು ನಲವತ್ತು ಜನ ಆಫೀಸಿಗೆ ನುಗ್ಗಿದರು. ಅವರ ಮುಂದಾಳು, ಎಲ್ಲರಿಗಿಂತ ಸಮಾಧಾನದಲ್ಲಿದ್ದವನು, ನಮ್ಮ ಜವರಯ್ಯ. ಅವನಿಗೇನು ಚಿಂತೆ? ಮಗನೇ ಒಳಗಿದ್ದಾನಲ್ಲ.

ಜವರಯ್ಯ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಟವಲಿನಿಂದ ಪಾದ ಒರೆಸಿಕೊಂಡು ಒಳಗೆ ಬಂದ. ಅಲ್ಲಿ ಮ್ಯಾನೇಜರಿದ್ದರು, ಚಲುವಯ್ಯ ಇದ್ದರು, ಪ್ರಮೀಳಾ ಇದ್ದಳು, ಹೊಸ ಕಂಪ್ಯೂಟರಿನ ಮುಂದೆ ಶಿವಶಂಕರ ಕೂತಿದ್ದ.

"ಸಂಕ್ರಾ," ಎಂದ ಜವರಯ್ಯ. ಈ ಸಲ ಮಗನಿಗೆ ಮೈ ಪರಚಿಕೊಳ್ಳಲೂ ಕೈ ಏಳಲಿಲ್ಲ. "ನಾನೇ ಯೋಳ್ದೆ ಕಣ್ಲಾ ಇವರ್ಗೆಲ್ಲ. ಗಾಬ್ರಿ ಬೀಳ್ಬ್ಯಾಡಿ, ನಮ್ಮುಡ್ಗ ಅವ್ನೆ, ಓದ್ಕಂಡೋನು, ಸರಿ ಮಾಡುಸ್ತಾನೆ ಅಂತ. ತಕೋ, ಇದ ನೋಡು." ಜೇಬಿನಿಂದ ಚೀಟಿ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಲ್ಲಿ ತೀಡಿದ. "ಸ್ವಾಮಾರ ಗಾಡಿ ಕಟ್ಕೊಂಡ್ ಬಾ ಅಂತ ಬರ್ದವ್ರೆ. ಯಾವಾನ್ಲಾ ಅವ್ನು ಇದ ಬರ್ದೋನು? ಅವ್ನು ದನದ ಮಕ ಕಂಡಿದ್ದಾನಾ? ವಸಿ ಕರಿ ಅವ್ನ, ನಾನೊಂದ್ ಮಾತ್ ಕೇಳ್ಬೇಕು."

ಚಲುವಯ್ಯ ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟಿದರು. ಹುಡುಗನ ಮೇಲೆ ಹಲ್ಲು ಮಸೆಯುವುದಾದರೆ ಇದಕ್ಕಿಂತ ಒಳ್ಳೇ ಗಳಿಗೆ ಅವರಿಗೆ ಸಿಗುತ್ತಿರಲಿಲ್ಲ. ಅವರು ಹೇಳಿದ್ದು ಬೇರೆ.

"ಮಿಸನ್ನು ಹೊಸ್ದು ಜವರಣ್ಣ. ಎತ್ತಿನ ಇಚಾರ ಅದ್ಕೇನ್ ಗೊತ್ತು? ಅದು ಮಾಡ್ಬುಟ್ಟದೆ."

ಬಾಗಿಲು ತೆರೆದುಕೊಟ್ಟ ಹಾಗಿತ್ತು. ಶಿವಶಂಕರ ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪನೂ ನಂಬುತ್ತಿದ್ದ, ಮ್ಯಾನೇಜರೂ ನಂಬುತ್ತಿದ್ದರು, ಶುಕ್ರವಾರ ಆರ್ಡರೂ ಬರುತ್ತಿತ್ತು. ಆದರೆ ಅಪ್ಪ ಆ ಚೀಟಿಯನ್ನು ಇನ್ನೂ ತೀಡುತ್ತಲೇ ಇದ್ದ. ಮಡಿಕೆ ಇದ್ದರೆ ಮಗನಿಗೆ ಓದಲು ಕಷ್ಟವಾದೀತೆಂಬ ಹಾಗೆ ತೀಡುತ್ತಿದ್ದ. ಶಿವಶಂಕರನಿಗೆ ಅದನ್ನು ನೋಡಲಾಗಲಿಲ್ಲ.

"ಮಿಷನ್ ಅಲ್ಲ ಕಣಪ್ಪ," ಎಂದ. ಮೈಸೂರಿನ ಕನ್ನಡ ಎಲ್ಲಿ ಹೋಯಿತೋ. "ನಾನೇ ಬರ್ದಿದ್ದು. ಹಳೇದ್ರಲ್ಲಿ ಸರಿಯಾಗಿತ್ತು. ಚಲುವಯ್ನೋರು ನಿನ್ನ ಕೇಳು ಅಂದ್ರು, ನಾನೇ ಕೇಳ್ನಿಲ್ಲ. ನೆನ್ನೇನೇ ಗೊತ್ತಾಯ್ತು, ಆಗ್ಲೂ ಬಾಯ್ ಬುಡ್ನಿಲ್ಲ. ಗೈರು ಹಾಕ್ದೋನೂ ನಾನೇ."

ಜವರಯ್ಯನ ಕೈ ಚೀಟಿಯ ಮೇಲೆ ನಿಂತಿತು. ಹಿಂದಿದ್ದ ಜನದಲ್ಲಿ ಯಾರೋ ಏನೋ ಅನ್ನಲು ಹೊರಟರು, ಪಕ್ಕದವನು ತಿವಿದು ಸುಮ್ಮನಾಗಿಸಿದ.

"ನೀನಾ?" ಎಂದ ಜವರಯ್ಯ. ದನಿ ಏರಿಸಲಿಲ್ಲ. "ನಿಮ್ಮವ್ವ ನೋವು ತಿಂತಾ ಬಿದ್ದಿದ್ಲು ಕಣ್ಲಾ. ಸೂಲಗಿತ್ತಿ ನನ್ ಕೈಲಿ ಆಗಾಕಿಲ್ಲ, ಪ್ಯಾಟೆ ಆಸ್ಪತ್ರೆಗೆ ಸಾಗ್ಸು ಅಂದ್ಬುಟ್ಲು. ಸ್ವಾಮಾರ. ಬಸ್ಸಿಲ್ಲ, ಏನಿಲ್ಲ. ಎತ್ತಿನ ಕಾಲಿಗೆ ನೀರು ಉಯ್ದು, ತಪ್ಪಾಯ್ತು ಕಣ್ರಪ್ಪ, ಇದೊಂದ್ ದಿಸ ಅಂತ ಅವುಗಳ ಕಾಲಿಗೆ ಬಿದ್ದು ಗಾಡಿ ಕಟ್ದೆ. ಅದ್ಕೇ ಮಡಗಿದ್ದು ಆ ಎಸ್ರ ನಿಂಗೆ. ನನ್ ಜಲ್ಮದಲ್ಲಿ ನಾನು ಕಟ್ಟಿದ್ದು ಅದೊಂದೇ ಸ್ವಾಮಾರ." ಚೀಟಿಯನ್ನು ಎತ್ತಿ ಮತ್ತೆ ನಾಲ್ಕು ಮಡಿಕೆ ಮಾಡಿದ. "ನೀನು ಇನ್ನೂರ್ ಚಿಲ್ರೆ ಜನಕ್ಕೆ ಕಟ್ಟಿ ಅಂತ ಬರ್ದಿದ್ದೀಯಲ್ಲ, ಅವರೆಲ್ಲಾರ್ ಮನೇಲೂ ಎರ್ಗೆ ನೋವಾ ನೆನ್ನೆ?"

ಶಿವಶಂಕರ ಅತ್ತುಬಿಟ್ಟ. ಪ್ರೋಗ್ರಾಮರ್ ಶಂಕರ್ ನಲವತ್ತು ಜನರೆದುರು, ಮ್ಯಾನೇಜರೆದುರು, ಮೂಗು ಸುರಿಸಿಕೊಂಡು ಶೀಳನೆರೆ ಸಂಕ್ರನ ಹಾಗೆ ಅತ್ತ. ಆ ಕತೆಯನ್ನು ಅವ್ವ ಅವನಿಗೆ ನೂರು ಸಲ ಹೇಳಿದ್ದಳು. ನೂರು ಸಲವೂ ಅವನು ಹೂಂ ಅಂದಿದ್ದ.

"ಅಳಾದ್ನ ಆಮ್ಯಾಕೆ ಇಟ್ಕೊಳ್ಳಿ, ಇಂಜಿನೇರ್ರೇ," ಎಂದರು ಚಲುವಯ್ಯ. "ಆಚೆ ಕಬ್ಬು ಒಣಗ್ತಾ ಅದೆ."

ಅವರು ಎದ್ದುಹೋಗಿ ಮೂಲೆಯ ಬೀರುವಿನ ಸ್ವಿಚ್ಚು ಒತ್ತಿದರು. ಅದು ಗುರ್ ಎಂದು ಒಂದು ಸಲ ನಡುಗಿ, ನೆತ್ತಿಯ ಹೂವು ಅಲುಗಿಸಿ, ಹಸಿರು ಕಣ್ಣು ಬಿಟ್ಟಿತು. ಇನ್ನೂರ ಹದಿನಾಲ್ಕು ಜನರ ಹಳೇ ನಂಬರುಗಳೂ ಒಂದೂ ಹಾಳಾಗದೆ ಅದರ ಹೊಟ್ಟೆಯಲ್ಲಿದ್ದವು. ಪ್ರಮೀಳಾ ಟೈಪು ಮಾಡಿದಳು, ಚಲುವಯ್ಯ ಹೇಳಿದರು, ಶಿವಶಂಕರ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ಚೀಟಿ ಹರಿದು ಕೊಟ್ಟ. ಮಧ್ಯಾಹ್ನ ಎರಡರ ಹೊತ್ತಿಗೆ ಕೊನೆಯ ಗಾಡಿಗೂ ಮಂಗಳವಾರದ ಚೀಟಿ ಸಿಕ್ಕಿತು. ಜವರಯ್ಯನ ಗಾಡಿ ತೂಕದ ಮೇಲೆ ಹತ್ತುವಾಗ ಅಪ್ಪ ಹಗ್ಗ ಹಿಡಿದು ಮುಂದೆ ನೋಡುತ್ತ ನಡೆದ. ಎತ್ತುಗಳು ಮಾತ್ರ ಪರಿಚಯ ಹಿಡಿದು ಶಿವಶಂಕರನ ತೋಳು ಮೂಸಿದವು.

ಇನ್ನು ಮ್ಯಾನೇಜರು. ತಮಗೇನೂ ಅರ್ಥವಾಗದಿದ್ದಾಗ ಕೋಪ ಮಾಡಿಕೊಳ್ಳುವುದು ಅವರ ಪದ್ಧತಿ. "ನಿನ್ನ ಮೌಸ್ ತಗೊಂಡು ಹೊರಡು," ಎಂದರು. ಶಿವಶಂಕರ ನಿಜವಾಗಿಯೂ ಅದನ್ನು ಕಿತ್ತು ಬಾಲ ಸುತ್ತತೊಡಗಿದ್ದ.

ಆಗ ಚಲುವಯ್ಯ, "ಇರ್ಲಿ ಬುಡಿ ಸಾರ್," ಎಂದರು. "ಮಾರ್ಚಿಗೆ ನಾನು ರಿಟೇರ್ ಆಯ್ತೀನಿ. ಅನ್ನೊಂದು ವರ್ಸದಿಂದ ಆ ಪ್ರೋಗ್ರಾಮ್ನ ಮೊದ್ಲಿಂದ ಕೊನೇಗಂಟ ಓದ್ದೋನು ಅಂದ್ರೆ ಈ ಹುಡುಗ ಒಬ್ನೇ. ಕಸ ಅಂತ್ಲೇ ಓದ್ಲಿ, ಓದಿದ್ದಾನಲ್ಲ." ಇಷ್ಟು ಹೇಳಿ ಒಂದು ಚಿಟಿಕೆ ನಶ್ಯ ಏರಿಸಿದರು. ಅದು ನೆತ್ತಿಗೇರಿತು ಎಂದು ಕೆಮ್ಮಿದರು. ಕಾಯಂ ಆರ್ಡರು ಮಾತ್ರ ಬರಲಿಲ್ಲ. ಇನ್ನಾರು ತಿಂಗಳು ಪರೀಕ್ಷೆ, ಅದೂ ಮಾರ್ಚಿನ ತನಕ ಚಲುವಯ್ಯನ ಕೈಕೆಳಗೆ, ಅದೂ ಹಸಿರು ಪರದೆಯ ಮುಂದೆ.

ಚಲುವಯ್ಯ ಒಂದೇ ಷರತ್ತು ಹಾಕಿದರು. ನಲವತ್ತೊಂದು ಕಸದಲ್ಲಿ ಯಾವುದನ್ನು ತೆಗೆಯುವುದಿದ್ದರೂ ಮೊದಲು ಆ ಸಾಲು ಯಾರದೋ ಅವರ ಊರಿಗೆ ಹೋಗಿ ಕೇಳಿಕೊಂಡು ಬರಬೇಕು. ಶಿವಶಂಕರ ನೋಟು ಬುಕ್ಕು ಹಿಡಿದು ಬಸ್ಸು ಹತ್ತಿದ. ಏಳನೇ ಕಸದ ಇಬ್ಬರು ರೈತರು ಅಣ್ಣತಮ್ಮಂದಿರು. ಒಂದೇ ಓಣಿಯಲ್ಲಿ ಇಬ್ಬರ ಗಾಡಿ ಎದುರಾದರೆ ಯಾರೂ ಹಿಂದಕ್ಕೆ ಸರಿಯುವುದಿಲ್ಲ, ಊರೇ ಬಂದು ಬಿಡಿಸಬೇಕು, ಆದ್ದರಿಂದ ಇಬ್ಬರಿಗೂ ಮೂರು ದಿನದ ಅಂತರ. ಹದಿನೈದನೇ ಕಸಕ್ಕೆ ಕಾರಣ ಸಿದ್ದಲಿಂಗಮ್ಮ ಎಂಬ ಒಂಟಿ ಹೆಂಗಸು. ಅವಳಿಗೆ ಗಾಡಿಯಿಲ್ಲ, ಪಕ್ಕದ ಹೊಲದವನ ಚೀಟಿ ಬಂದ ಮಾರನೇ ದಿನವೇ ಅವಳದೂ ಬಂದರೆ ಅವನ ಗಾಡಿ ಸಿಗುತ್ತದೆ. ಮೂವತ್ತನೆಯದು ಸಾವಿನ ಮನೆಯದು, ಸೂತಕ ಕಳೆಯುವ ತನಕ ಕರೆಯಬೇಡ ಎಂದು. ಕೊನೆಗೆ ನಿಜವಾದ ಕಸವೆಂದು ಉಳಿದದ್ದು ಮೂರು ಸಾಲು. ಅವುಗಳನ್ನು ಯಾಕೆ ಬರೆದೆನೆಂದು ಚಲುವಯ್ಯನಿಗೂ ನೆನಪಿರಲಿಲ್ಲ. ಇರಲಿ ಬಿಡಿ ಎಂದು ಶಿವಶಂಕರ ಅವನ್ನೂ ಇಟ್ಟುಕೊಂಡ. ಪ್ರತಿ ಸಾಲಿನ ಮೇಲೆ ಯಾರಿಗಾಗಿ, ಯಾಕೆ ಎಂದು ಬರೆದ. ಇಪ್ಪತ್ಮೂರನೆಯದರ ಮೇಲೆ ಬರೆದದ್ದು ಎರಡೇ ಮಾತು: ಅಪ್ಪನನ್ನು ಕೇಳು.

ತೊಂಬತ್ತೆಂಟರ ಆಗಸ್ಟಿನಲ್ಲಿ ಅವನ ಕೆಲಸ ಕಾಯಂ ಆಯಿತು. ಆಮೇಲೊಂದು ದಿನ ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಿಂಡಿಗನವಿಲೆಯ ನೆಂಟ ಹೊನ್ನಪ್ಪ ಸಿಕ್ಕಿ, "ಮಗ ಏನ್ ಮಾಡ್ತಾವ್ನೆ ಬಾವ?" ಎಂದು ಜವರಯ್ಯನನ್ನು ಕೇಳಿದ.

"ಕಾರ್ಖಾನೇಲಿ ಅವ್ನೆ ಕಣಪ್ಪ. ಎತ್ಗೊಳ್ಗೆ ರಜ ಬರೀತಾನೆ, ವಾರಕ್ಕೊಂದ್ ದಿಸ."

"ಅದ್ಕೆಲ್ಲಾ ಸಂಬ್ಳ ಕೊಟ್ಟಾರಾ?"

"ಮೊದ್ಲು ಕೊಡೋ ಅಂಗೆ ಕಾಣ್ನಿಲ್ಲ," ಎಂದ ಜವರಯ್ಯ, ಬರುತ್ತಿದ್ದ ಬಸ್ಸಿನ ಬೋರ್ಡು ನೋಡುತ್ತ. "ಒಂದ್ ಸ್ವಾಮಾರ ಬರ್ಯೋದ ಮರ್ತ ನೋಡು, ಆಗ ಗೊತ್ತಾಯ್ತು ಅವ್ರಿಗೆ."